ಆ ಫೋನ್ ಸ್ವಲ್ಪ ಕೆಳಗಿಡಿ
ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಕೊಡಗಿಗೆ ಇವತ್ತಿಗೂ ರೈಲಿಲ್ಲ, ಬಸ್ಸೇ ಗತಿ. ಕಾಫಿ ಕುಯ್ಲಿನ ನಡುವೆ ಎರಡು ದಿನ ಬಿಡುವು ಮಾಡಿಕೊಂಡು, ಅವ್ವನನ್ನು ಕರೆದುಕೊಂಡು ಸಂಗೀತ ನಾಟಕ ನೋಡಲು ಹೋದೆ. ವೇದಿಕೆಯ ಪಕ್ಕದಲ್ಲೇ ಹಾರ್ಮೋನಿಯಂ, ತಬಲ. ನಾಯಕಿ ಆಲಾಪಕ್ಕೆ ಉಸಿರೆಳೆದುಕೊಂಡಳು, ಅಷ್ಟರಲ್ಲಿ ಮುಂದಿನ ಸೀಟಿನವರ ಮೊಬೈಲ್ ಮೇಲೆದ್ದಿತು! ಹಾಡು ಮುಗಿಯುವವರೆಗೂ ನಾನು ನೋಡಿದ್ದು ಅಂಗೈಯಗಲದ ಪರದೆಯಲ್ಲಿ ಅಲುಗಾಡುವ ನಾಯಕಿಯನ್ನು. "ಸ್ವಲ್ಪ ಇಳಿಸ್ತೀರಾ?" ಅಂದರೆ "ಒಂದೇ ನಿಮಿಷ" ಅಂದರು. ಅವ್ವ ಕತ್ತು ಆಚೀಚೆ ವಾಲಿಸಿ ವಾಲಿಸಿ ಕೊನೆಗೆ ಕಣ್ಣು ಮುಚ್ಚಿ ಕೇಳುತ್ತಾ ಕೂತರು. ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಅಂಥ ಕಟ್ಟುನಿಟ್ಟು ಎಲ್ಲ ಕಡೆ ಫೋನಿಗೂ ಬರಬೇಕು. ಸಿನಿಮಾ ಆಗಿದ್ದರೆ ಇನ್ನೊಮ್ಮೆ ನೋಡಬಹುದಿತ್ತು. ಆ ಆಲಾಪವನ್ನು ಅವ್ವನಿಗೆ ಎಲ್ಲಿಂದ ತಂದು ತೋರಿಸಲಿ?