ಮಹಿಳಾ ಆರೋಗ್ಯ ಅಧ್ಯಯನ: ದುಡಿಯುವ ಹೆಣ್ಣುಮಕ್ಕಳಿಗೆ ನಿಗದಿತ ಪಾಲು ಬೇಕೆ?

ಬೆಂಗಳೂರಿನ ಸಾವಿರಾರು ಮಹಿಳೆಯರ ಆರೋಗ್ಯವನ್ನು ಇಪ್ಪತ್ತು ವರ್ಷ ಗಮನಿಸುವ ಅಧ್ಯಯನವೊಂದು ಆರಂಭವಾಗುವುದಾದರೆ, ಅದರಲ್ಲಿ ಪೌರಕಾರ್ಮಿಕರು, ಗಾರ್ಮೆಂಟ್ಸ್ ಕೆಲಸಗಾರರು, ಮನೆಗೆಲಸದವರು ಇಂತಿಷ್ಟು ಮಂದಿ ಇರಲೇಬೇಕೆಂದು ಮೊದಲೇ ಗೊತ್ತುಪಡಿಸಬೇಕೆ?

ಪರ

ಗೊತ್ತುಪಡಿಸಲೇಬೇಕು. ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಅಧ್ಯಯನಗಳೇ ಸಾಕ್ಷಿ. 1976ರಲ್ಲಿ ಅಮೆರಿಕದಲ್ಲಿ ಶುರುವಾದ ನರ್ಸಸ್ ಹೆಲ್ತ್ ಸ್ಟಡಿಗೆ 1.2 ಲಕ್ಷಕ್ಕೂ ಹೆಚ್ಚು ನರ್ಸ್‌ಗಳು ಸೇರಿದರು. ಹೃದ್ರೋಗ, ಸ್ತನ ಕ್ಯಾನ್ಸರ್‌ಗಳ ಬಗ್ಗೆ ಅದು ಕಲಿಸಿದ್ದು ಅಪಾರ. ಆದರೆ ಅಲ್ಲಿದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಮುಟ್ಟು ನಿಲ್ಲುವ ಕಾಲವನ್ನು ಅರಿಯಲು ಅದೇ ಅಮೆರಿಕದಲ್ಲಿ 1996ರಲ್ಲಿ ಹೊರಟ ಸ್ವಾನ್ ಎಂಬ ಅಧ್ಯಯನವಾದರೋ ಕಪ್ಪು, ಚೀನೀ, ಜಪಾನೀ, ಹಿಸ್ಪಾನಿಕ್ ಮೂಲದವರನ್ನು ಲೆಕ್ಕ ಹಾಕಿಯೇ ಸೇರಿಸಿಕೊಂಡಿತು. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವ ತೊಂದರೆ ಸಾಮಾನ್ಯವಾಗಿ ಏಳು ವರ್ಷ, ಕಪ್ಪು ಮಹಿಳೆಯರಲ್ಲಿ ಹತ್ತು ವರ್ಷದಷ್ಟು ಉಳಿಯುತ್ತದೆಂದು ಗೊತ್ತಾದದ್ದು ಆ ಲೆಕ್ಕದ ದೆಸೆಯಿಂದ.

ನಮ್ಮಲ್ಲಿ ಬರಿಯ ಪ್ರಕಟಣೆ ಹೊರಡಿಸಿದರೆ ಜಯನಗರ, ಮಲ್ಲೇಶ್ವರದ ಓದಿದ, ಬಿಡುವಿರುವ ಮಹಿಳೆಯರಿಂದಲೇ ಪಟ್ಟಿ ತುಂಬಿಹೋದೀತು. ಪೀಣ್ಯದ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವಳು ಶೌಚಾಲಯಕ್ಕೆ ಎದ್ದರೆ ಟಾರ್ಗೆಟ್ ತಪ್ಪುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ಹೀಗೆ ಇಪ್ಪತ್ತು ವರ್ಷ ಕಳೆದರೆ ಮೂತ್ರಪಿಂಡಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಅವಳ ದೇಹದಲ್ಲಿ ಮಾತ್ರ ಸಿಗುತ್ತದೆ.

ವಿರೋಧ

ಬರೆದಿಟ್ಟ ಸಂಖ್ಯೆಯನ್ನು ತುಂಬಿಸುವುದು ತೀರಾ ಸುಲಭ. ನನ್ನ ಆತಂಕವೆಲ್ಲ ಅದೇ. ಸೂಪರ್‌ವೈಸರ್ ಒಂದು ಮಾತು ಹೇಳಿದರೆ ಸಂಜೆಯೊಳಗೆ ಇನ್ನೂರು ಸಹಿ ಬಿದ್ದಿರುತ್ತವೆ. ಓದಲು ಬಾರದವರ ಒಪ್ಪಿಗೆ ಪಡೆಯುವಾಗ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ; ಮೇಸ್ತ್ರಿಯೇ ಪಕ್ಕದಲ್ಲಿ ನಿಂತರೆ ಅದು ಎಂಥ ಸಾಕ್ಷಿ? ಆಗ ಆಂಧ್ರದಲ್ಲಿದ್ದ, ಈಗ ತೆಲಂಗಾಣಕ್ಕೆ ಸೇರಿರುವ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆ 2010ರಲ್ಲಿ ನಿಂತುಹೋಯಿತು. ಹುಡುಗಿಯರ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು, ಮುಖ್ಯೋಪಾಧ್ಯಾಯರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಆಮೇಲೆ ಬಯಲಾಯಿತು. ಲಸಿಕೆ ಒಳ್ಳೆಯದೇ, ಒಪ್ಪಿಗೆ ಪಡೆದ ರೀತಿಯಿಂದ ಅದರ ಹೆಸರಿಗೂ ಮಸಿ ಬಳಿದಂತಾಯಿತು.

ಇನ್ನೊಂದು ತೊಡಕು ಸೇರಿಸಿಕೊಂಡ ಮೇಲಿನದು. ಬಾಡಿಗೆ ಏರಿದಾಗ ಮನೆ ಬದಲಾಗುತ್ತದೆ, ಮೊಬೈಲ್ ನಂಬರ್ ಬದಲಾಗುತ್ತದೆ, ಹೆರಿಗೆಗೆ ಊರಿಗೆ ಹೋದವಳು ಮರಳುವುದಿಲ್ಲ. ಹೀಗೆ ಕೈತಪ್ಪುವವರು ಹೆಚ್ಚಾಗಿ ಅತಿ ಕಷ್ಟದಲ್ಲಿರುವವರೇ ಆದ್ದರಿಂದ, ಹತ್ತನೆಯ ವರ್ಷಕ್ಕೆ ಉಳಿಯುವುದು ಆ ಗುಂಪಿನಲ್ಲಿ ಸ್ವಲ್ಪ ನೆಲೆ ಕಂಡವರು. ಅವರ ಅಂಕಿಯನ್ನು ಎಲ್ಲ ದುಡಿಯುವ ಮಹಿಳೆಯರದೆಂದು ಪ್ರಕಟಿಸುವುದು ಯಾರನ್ನೂ ಸೇರಿಸಿಕೊಳ್ಳದೆ ಇರುವುದಕ್ಕಿಂತ ದೊಡ್ಡ ತಪ್ಪು.

ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆಯನ್ನೇ ನೋಡಿ. ಬೆಳಗ್ಗೆ ಆರೂವರೆಗೆ ಪೊರಕೆ ಹಿಡಿದವಳು ಒಂಬತ್ತೂವರೆಗೆ ತೆರೆಯುವ ಕ್ಲಿನಿಕ್ಕಿಗೆ ಏನೂ ತಿನ್ನದೆ ಹೋಗಬೇಕು. ಅಂದಿನ ಸಂಬಳಕ್ಕೂ ಕತ್ತರಿ ಬಿದ್ದರೆ ಮರುವರ್ಷ ಅವಳೇಕೆ ಬಂದಾಳು? ಹಾಜರಾತಿ ಹಾಕುವ ಜಾಗದಲ್ಲೇ, ಕೆಲಸಕ್ಕೆ ಇಳಿಯುವ ಮುನ್ನ ರಕ್ತ ತೆಗೆದುಕೊಂಡು, ಅಲ್ಲೇ ತಿಂಡಿ ಕೊಟ್ಟು, ಫಲಿತಾಂಶವನ್ನು ಕನ್ನಡ, ತಮಿಳು, ತೆಲುಗು, ಉರ್ದು ಯಾವುದು ಅವಳ ಮಾತೋ ಅದರಲ್ಲಿ ತಿಳಿಸಿ, ಕಾಯಿಲೆ ಕಂಡರೆ ಆಸ್ಪತ್ರೆಗೆ ಜೊತೆಗೆ ಹೋಗುವ ಒಬ್ಬರನ್ನು ನೇಮಿಸಬೇಕು. ಇಪ್ಪತ್ತೂ ವರ್ಷ ಇದಕ್ಕೆ ಹಣ ತೆಗೆದಿರಿಸದ ಸಂಸ್ಥೆ ಪಾಲಿನ ಅಂಕಿ ಬರೆಯಲು ಹೋಗಬಾರದು.