ಟಬ್ ಬಿಚ್ಚಾಕ ಬರಂಗಿಲ್ರಿ

ಹೋದ ರವಿವಾರ ಊಟಾ ಮಾಡಿ ತಟಗ ಅಡ್ಡಾಗೂಣು ಅಂತ ನಾ ಹಾಸಗಿಗೆ ಬೀಳೂದಕ್ಕೂ ಹಿತ್ತಲದಾಗ ಅರಬಿ ಒಗಿಯೂ ಮಷಿನ್ ಸ್ಪಿನ್‌ಗೆ ಬರೂದಕ್ಕೂ ಒಂದ ಆತು. ಸಪ್ಪಳ ಹೆಂಗಿತ್ತಂದ್ರ ಕಬ್ಬಿನ ಟ್ರ್ಯಾಕ್ಟರ್ ಡಬಲ್ ಟ್ರೇಲರ್ ಸಮೇತ ಹಿತ್ತಲಕ್ಕ ಹೊಕ್ಕಂಗ.

ನಮ್ಮ ಬಾಗಲಕೋಟಿ ನವನಗರದಾಗ ಇಂಥಾದ್ದಕ್ಕ ಡಾಕ್ಟರ್ ಬಾಳ ಮಂದಿ. ಬಾಜೂ ಮನಿ ಮಾಸ್ತರು "ಲೆವೆಲ್ ಇಲ್ರಿ, ಕಾಲಿಗೆ ರಟ್ಟು ಕೊಡ್ರಿ" ಅಂದ್ರು. ನಮ್ಮಾಕಿ "ನಿಮ್ಮ ಜೀನ್ಸ್ ಪ್ಯಾಂಟಿಗೆ ಅದೂ ಬ್ಯಾಸತ್ತೈತಿ" ಅಂದ್ಲು. ನಾ ಪ್ಲಗ್ ಕಿತ್ತು ಕೈಯಿಂದ ಡ್ರಮ್ ತಿರುವಿದೆ, ಬೀಸೂಕಲ್ಲ ತಿರುವಿದಂಗ ಗರ್ ಅಂತು, ಮ್ಯಾಲ ಎತ್ತಿದ್ರ ಗಡಗಡ ಅಲ್ಲಾಡ್ತು, ಹಿಂದ ಬಗ್ಗಿ ನೋಡಿದ್ರ ಡ್ರಮ್ಮಿನ ಹೊರಗಿನ ಟಬ್ಬಿನ ನಡುವಿಂದ ತುಕ್ಕಿನ ನೀರು ಇಳದ ಗೆರಿ. ನೀರು ತಡಿಯೂ ರಬ್ಬರ್ ಸೀಲ್ ಹೋಗಿ ನೀರು ಡ್ರಮ್ ತಿರಗೂ ಬೇರಿಂಗಿಗೆ ಇಳದೈತಿ, ತೀರ್ತಲ್ಲ.

ಕಂಪನಿ ಹುಡುಗ ಬಂದ, ಒಂದ ಸುತ್ತ ತಿರುವಿದ, ಮೊಬೈಲ್ ನೋಡಿ "ಇಡೀ ಟಬ್ ಅಸೆಂಬ್ಲಿನ ಬದಲಸಬೇಕ್ರಿ, 9,800. ವಿಸಿಟ್ ಚಾರ್ಜ್ 500 ಬ್ಯಾರೆ" ಅಂದ. ಬೇರಿಂಗ್ ಅಷ್ಟ ಹಾಕಪ್ಪ ಅಂದ್ರ "ಟಬ್ ಬಿಚ್ಚಾಕ ಬರಂಗಿಲ್ರಿ, ಫ್ಯಾಕ್ಟರಿಯಾಗ ಎರಡೂ ಅರ್ಧ ಕಾಸಿ ಕೂಡ್ಸಿರ್ತಾರ" ಅಂದ. ನನಗ ನೆತ್ತಿಗೇರ್ತು ನೋಡ್ರಿ. ಬೇರಿಂಗ್ ಅಂದ್ರ ಸವಿಯೂ ಸಾಮಾನು ಅಂತ ಮಾಡಿದಾಂವಗ ಗೊತ್ತಿಲ್ಲೇನು, ಗೊತ್ತಿದ್ದೂ ಬಿಚ್ಚಾಕ ಬರಲಾರದ ಡಬ್ಬ್ಯಾಗ ಇಟ್ಟಾನಲ್ಲ, ಅಂವಗ ಏನನ್ನೂಣು? ಹುಡುಗನ ಮ್ಯಾಲ ರೇಗಾಡಿದೆ. ಅಂವಂದೇನ ತಪ್ಪಿತ್ತು, ಪಾಪ, ಆದ್ರ ಎದುರಿಗಿದ್ದಾಂವ ಅಂವ ಒಬ್ಬನ.

ಇದನ್ನೆಲ್ಲಾ ಕೇಳ್ಕೋತ ಕುಂತಿದ್ದ ನಮ್ಮವ್ವ "ನನ್ನ ಕಲ್ಲ ಐತಲ್ಲ" ಅಂದ್ಲು.

ಈ ಕಲ್ಲಿನ ಕಥಿ ಹೇಳ್ಲಿಲ್ಲಂದ್ರ ನನಗ ಊಟಾ ಸೇರಂಗಿಲ್ಲ. ಹಳೇ ಬಾಗಲಕೋಟಿ ಮನಿ ಆಲಮಟ್ಟಿ ಹಿನ್ನೀರಿಗೆ ಹೋಗೂ ಹೊತ್ತಿಗೆ ನಮ್ಮ ಓಣ್ಯಾಗ ಸಣ್ಣ ಹುಡುಗರ ಬಾಯಾಗೂ ಒಂದ ನಂಬರ್, 519.60. ಸಮುದ್ರ ಮಟ್ಟದಿಂದ ಅಷ್ಟು ಮೀಟರ್ ಎತ್ತರದ ತನಕ ಡ್ಯಾಮಿನ್ಯಾಗ ನೀರು ನಿಲ್ಲಸ್ತಾರಂತ. ಪರಿಹಾರಕ್ಕ ಅಳತಿ ಮಾಡಾಕ ಬಂದವ್ರು ಬಾಗಲಾ ಬರಕೊಂಡ್ರು, ತೊಲಿ ಎಣಿಸಿದ್ರು, ಹಿತ್ತಲದ ನುಗ್ಗಿ ಗಿಡಾನೂ ಬಿಡ್ಲಿಲ್ಲ. ಅವ್ವ "ಅರಬಿ ಒಗಿಯೂ ಕಲ್ಲ ಬರಕೊಳ್ರಿ" ಅಂದ್ಲು. ಅದಕ್ಕ ಕಾಲಂ ಇಲ್ಲ ಬೇ ಅಂದ್ರು. ಕಾಲಂ ಇಲ್ಲಂದ್ರ ಬಿಟ್ಟು ಹೋಗೂದೇನು? ಸಾಮಾನೆಲ್ಲಾ ಟೆಂಪೋಕ್ಕ ಏರಿದ ಮ್ಯಾಲ ಈಕಿ ಕಲ್ಲಿನ ಮ್ಯಾಲ ಕುಂತ್ಲು, ಕಲ್ಲ ಏರಿಸೂತನಕ ಏಳೂದಿಲ್ಲಂತ. ಡ್ರೈವರ್ ಗಾಡಿ ಸ್ಪ್ರಿಂಗ್ ಪಾಟಾ ಮುರೀತಾವಂದ, ಅಪ್ಪ ಕೈ ಮುಗದ, ಕಡೀಕ ನಾಕ ಮಂದಿ ಹಮಾಲರು ಹಗ್ಗ ಹಾಕಿ ಏರಿಸಿದ್ರು, ಅಪ್ಪ ತಿಜೋರಿ ಮ್ಯಾಲ ಇಟ್ಟಂಗ ಅದರ ಮ್ಯಾಲ ದೇವರ ಗಂಟು ಇಟ್ಟ. ಇಲ್ಲಿ ಇಳಿಸಬೇಕಾದ್ರ ಜಾರಿ ಒಂದ ಮೂಲಿ ಒಡೀತು. ಅವತ್ತ ಸಂಜೀ ಅವ್ವ ಅತ್ತದ್ದು ಮನಿ ಬಿಟ್ಟದ್ದಕ್ಕೋ ಮೂಲಿ ಒಡದದ್ದಕ್ಕೋ ಇವತ್ತಿಗೂ ನನಗ ಗೊತ್ತಿಲ್ಲ, ಕೇಳೂ ಧೈರ್ಯಾನೂ ಇಲ್ಲ. ಆ ಒಡದ ಮೂಲಿ ಒಳಗ ಈಗ ಸಬಕಾರ ಇಡ್ತಾಳ, ಅಳತಿ ಮಾಡಿ ಕೊರದಂಗ ಕೂಡತೈತಿ.

ಏನ ಹೇಳಾಕತ್ತಿದ್ದೆ? ಹಾಂ, ಮಷಿನ್. ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡಾಂವ ಒಬ್ಬಾಂವ ಅದಾನ, ಅಂವಗ ಫೋಟೋ ತೋರ್ಸಿದೆ. "ಹ್ಯಾಕ್‌ಸಾ ಬ್ಲೇಡ್‌ಲೇ ಸುತ್ತ ಕೊಯ್ಯೂಣ್ರಿ, ಬೇರಿಂಗ್ ಹಾಕಿ ಸಿಲಿಕಾನ್ ಹಚ್ಚಿ ಬೋಲ್ಟ್ ಬಿಗಿಯೂಣು" ಅಂದ. ನೀರು ಸೋರಿದ್ರ? "ಸೋರಿದ್ರ ಮತ್ತ ಹಚ್ಚೂಣು." ಇಷ್ಟು ಪ್ರಾಮಾಣಿಕ ಗ್ಯಾರಂಟಿ ನನಗ ಯಾವ ಕಾರ್ಡಿನ್ಯಾಗೂ ಸಿಕ್ಕಿಲ್ಲ. ಅಂವ ಹೇಳಿದ್ದಕ್ಕ 6205, 6206 ನಂಬರಿನ ಎರಡ ಬೇರಿಂಗ್ ತಂದ ಇಟ್ಟೀನಿ, ಸೀಲ್ ಹುಬ್ಬಳ್ಳಿಯಿಂದ ಬರಬೇಕಂತ. ನಮ್ಮಾಕಿ ಹೊಸಾ ಮಷಿನ್ ರೇಟ್ ದಿನಾ ಎರಡ ಸಲ ನೋಡಾಕತ್ತಾಳ, ನಾ ಕಾಣಲಾರದಂಗ ಇರ್ತೀನಿ.

ಬೇರಿಂಗ್ ಒಂದನ್ನ ಮಗ ಬೆರಳಿಗೆ ಸಿಗಿಸ್ಕೊಂಡು ಗಿರಗಿರ ತಿರುಗಸ್ತಾನ. ಒಗ್ಯಾಣ ಬುಟ್ಟಿ ತುಂಬಿ ಚೆಲ್ಲೈತಿ. ಮುಂಜಾನೆ ಹಿತ್ತಲದಿಂದ ಅವ್ವ ಕೂಗಿದ್ಲು, "ಕಲ್ಲ ಖಾಲಿ ಆತ ನೋಡೋ, ನಿನ್ನ ಪ್ಯಾಂಟ್ ನೀನ ಒಕ್ಕೊ."