ತಜ್ಞರ ಚರ್ಮ, ನಮ್ಮ ಚರ್ಮ

ಬೇಸಿಗೆ ಬಂತೆಂದರೆ ಪತ್ರಿಕೆಗಳ ಪುರವಣಿಗಳಲ್ಲಿ ಚರ್ಮತಜ್ಞರು ಅರಳುತ್ತಾರೆ. ಈ ಸಲದ ಸಲಹೆಗಳನ್ನು ನೀವೂ ಓದಿರುತ್ತೀರಿ. ಓದದವರಿಗೂ ಅವು ಬಾಯಿಪಾಠವೇ, ಏಕೆಂದರೆ ಹೋದ ವರ್ಷದವೂ ಇವೇ ಆಗಿದ್ದವು. ದಿನಕ್ಕೆರಡು ಬಾರಿ ತಣ್ಣೀರಿನ ಸ್ನಾನ, ಮೂರು ಲೀಟರ್ ನೀರಿನ ಸೇವನೆ, ಹತ್ತರಿಂದ ನಾಲ್ಕರವರೆಗೆ ಬಿಸಿಲಿಗೆ ಬೀಳದಿರುವುದು, ಎರಡು ತಾಸಿಗೊಮ್ಮೆ ಸನ್‌ಸ್ಕ್ರೀನ್, ಸಡಿಲವಾದ ಹತ್ತಿಯ ಉಡುಪು, ತಂಪಾದ ಕೋಣೆ, ಕೊನೆಗೆ ‘ತೊಂದರೆ ಹೆಚ್ಚಿದರೆ ಸಮೀಪದ ಚರ್ಮತಜ್ಞರನ್ನು ಕಾಣಿರಿ’. ಇವುಗಳಲ್ಲಿ ಒಂದೂ ತಪ್ಪಿಲ್ಲ. ಇವನ್ನೆಲ್ಲ ಪಾಲಿಸಬಲ್ಲ ಮನುಷ್ಯನಿಗೆ ಬೆವರುಸಾಲೆ ಏಕಾದರೂ ಬರುತ್ತದೆ ಎಂಬುದೊಂದೇ ನನಗೆ ತಿಳಿಯದ ಸಂಗತಿ.

ಮೊದಲು ಸ್ನಾನದ ಮಾತು. ಕಲಬುರಗಿಗೆ ಭೀಮೆಯಿಂದಲೂ ಬೆಣ್ಣೆತೊರಾದಿಂದಲೂ ನೀರು ಬರುತ್ತದೆ. ಆದರೆ ಅದು ನಳದವರೆಗೆ ತಲುಪುವ ಲೆಕ್ಕವನ್ನು ಗಂಟೆಗಳಲ್ಲಿ ಹೇಳುವ ರೂಢಿ ಇಲ್ಲಿಲ್ಲ. ‘ನೀರು ಯಾವಾಗ ಬರ್ತಾವ್ರೀ’ ಎಂದು ಕೇಳಿದರೆ ಅನೇಕ ಬಡಾವಣೆಗಳಲ್ಲಿ ವಾರದ ಹೆಸರೇ ಉತ್ತರವಾಗಿ ಬರುತ್ತದೆ. ಹಾಗೆ ಬಂದ ನೀರು ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನಲ್ಲಿ ಕುಳಿತು, 43 ಡಿಗ್ರಿ ಬಿಸಿಲಿಗೆ ಕಾದು, ಸಂಜೆ ದುಡಿದು ಬಂದವನ ಮೈಮೇಲೆ ಬಿಸಿನೀರಾಗಿಯೇ ಇಳಿಯುತ್ತದೆ. ಸ್ನಾನವಾದ ಮೂರು ನಿಮಿಷದೊಳಗೆ, ಚರ್ಮ ಇನ್ನೂ ತೇವವಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕೆಂಬುದು ತಜ್ಞರ ಅಚ್ಚುಮೆಚ್ಚಿನ ಸೂತ್ರ. ಫರ್ಸಿಕಲ್ಲು ಹಾಸಿದ ಮಾಳಿಗೆಯ ಕೆಳಗೆ ಮೈ ಒರೆಸಿ ಮುಗಿಸುವ ಮೊದಲೇ ಮತ್ತೆ ಬೆವರು ಹರಿಯುವುದರಿಂದ ನಮ್ಮ ಜನ ಆ ಅಮೂಲ್ಯವಾದ ಮೂರು ನಿಮಿಷಗಳನ್ನು ಏಪ್ರಿಲ್‌ನಿಂದ ಜೂನ್‌ವರೆಗೆ ಅಖಂಡವಾಗಿ ಅನುಭವಿಸುತ್ತಾರೆ. ಬೆವರಿನ ನಾಳಗಳು ಮುಚ್ಚಿಕೊಂಡು ಬೆವರು ಚರ್ಮದೊಳಗೇ ಸಿಕ್ಕಿಬಿದ್ದಾಗ ಏಳುವ ಗುಳ್ಳೆಗಳೇ ಬೆವರುಸಾಲೆ. ಅದಕ್ಕೆ ಮದ್ದು ತಂಪು, ತಂಪಿಗೆ ಮದ್ದು ಫ್ಯಾನು, ಫ್ಯಾನಿಗೆ ಮದ್ದು ವಿದ್ಯುತ್ತು. ಅಲ್ಲಿಗೆ ವಿಷಯ ಚರ್ಮರೋಗ ವಿಭಾಗದ ಕೈಮೀರಿ ಬೇರೆ ಇಲಾಖೆಗೆ ಹೋಗುತ್ತದೆ.

ಮೂರು ಲೀಟರ್ ನೀರು ಕುಡಿದರೆ ಚರ್ಮಕ್ಕೆ ಕಾಂತಿ ಬರುತ್ತದೆ ಎಂಬಲ್ಲಿ ಮಾತ್ರ ನನ್ನ ನಗು ನಿಲ್ಲುತ್ತದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನರೂ ನೀರನ್ನೇ ಕುಡಿದಿದ್ದರು. ಹಿಂದೆ ಚಿನ್ನದ ಗಣಿ ನಡೆದ ಮಂಗಳೂರು ಎಂಬ ಊರಿನ ಆಸುಪಾಸಿನ (ಕರಾವಳಿಯ ಮಂಗಳೂರಲ್ಲ, ಇದಕ್ಕೆ ಪ್ರವಾಸಿಗರು ಬರುವುದಿಲ್ಲ) ಆ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಇತ್ತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಲ್ಲಿನ ನೀರು ಆ ಮಿತಿಯನ್ನು ಹಲವು ಪಟ್ಟು ದಾಟಿತ್ತು. ಅಂಗೈ ಅಂಗಾಲುಗಳು ಗಂಟುಗಂಟಾಗಿ ಒರಟಾದವು, ಎದೆ ಬೆನ್ನುಗಳ ಮೇಲೆ ಕಪ್ಪು ಚುಕ್ಕೆಗಳೆದ್ದವು, ಕೆಲವರಿಗೆ ಅದು ಕ್ಯಾನ್ಸರಿನವರೆಗೂ ಹೋಯಿತು. ಸಂಶೋಧಕರು ಬಂದರು, ಅಳೆದರು, 2013ರಲ್ಲಿ ವಿದೇಶಿ ಪತ್ರಿಕೆಯಲ್ಲಿ ಪ್ರಬಂಧವನ್ನೂ ಪ್ರಕಟಿಸಿದರು. ಕಪ್ಪು ಕಲೆಗಳಿಗೆ ರಾತ್ರಿ ಮಲಗುವ ಮುನ್ನ ಲೋಳೆಸರ ಹಚ್ಚಿರಿ ಎಂದು ಪ್ರತಿ ವಾರ ಬರೆಯುವವರಿಗೆ ತಮ್ಮದೇ ರಾಜ್ಯದ ಈ ಕಲೆಗಳು ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ. ಗೊತ್ತಿದೆ. ಬರೆದರೆ ಅದರ ಪಕ್ಕದಲ್ಲಿ ಯಾವ ಫೇಸ್‌ವಾಶ್‌ನ ಜಾಹೀರಾತೂ ಕೂಡುವುದಿಲ್ಲ, ಅಷ್ಟೇ. ಈ ಬಗ್ಗೆ ಸಿಟ್ಟು ಮಾಡಿಕೊಂಡು ಮಾಡಿಕೊಂಡು ಬೇಸರ ಬಂದಿದೆ.

ಬಿಸಿಲಿನ ಸಲಹೆಯನ್ನು ಪೂರ್ಣವಾಗಿ ಪಾಲಿಸಿದ ಸಂಸ್ಥೆ ನಮ್ಮಲ್ಲಿ ಒಂದೇ, ಅದು ಸರ್ಕಾರ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಚರ್ಮದ ಬಗ್ಗೆ ಇಷ್ಟು ಕಾಳಜಿಯುಳ್ಳ ಆಡಳಿತವನ್ನು ಮೆಚ್ಚಲೇಬೇಕು. ಕೆರೆಯ ಹೂಳೆತ್ತುವ ಹೆಣ್ಣಾಳಿಗೆ ಉಳಿಯುವುದು ಸನ್‌ಸ್ಕ್ರೀನ್. ಮೈಯೆಲ್ಲ ಹಚ್ಚಲು ಒಮ್ಮೆಗೆ ಸುಮಾರು 30 ಮಿಲಿಲೀಟರ್ ಬೇಕೆಂಬುದು ತಜ್ಞರದೇ ಅಳತೆ. ಸೀರೆಯ ಮರೆಗೆ ರಿಯಾಯಿತಿ ಕೊಟ್ಟು 15 ಎನ್ನೋಣ. ಎಂಟು, ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಗೊಮ್ಮೆ ಹಚ್ಚಿದರೆ ದಿನಕ್ಕೆ 75 ಮಿಲಿಲೀಟರ್, ಅಂದರೆ 50 ಗ್ರಾಮಿನ ಒಂದೂವರೆ ಟ್ಯೂಬು. 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ. ಮೇಕಪ್ಪಿನ ಅಂಗಡಿಗೆ ಹೋಗಿ ಬಂದವರು ಮಿಕ್ಕ ಲೆಕ್ಕವನ್ನು ಪೂರ್ಣಗೊಳಿಸಿಕೊಳ್ಳಬಹುದು.

ಒಗ್ಗದ ವಸ್ತುವಿನಿಂದ ದೂರವಿರಿ ಎಂಬ ಸಲಹೆಯೂ ಇದೆ. ಹಸಿ ಸಿಮೆಂಟಿನ ಕ್ಷಾರವೂ ಅದರಲ್ಲಿರುವ ಕ್ರೋಮಿಯಂ ಅಂಶವೂ ಕೈಗಳನ್ನು ಒಡೆಸಿ ಇಸಬು ಮಾಡುತ್ತವೆ. ಸಿಮೆಂಟಿನ ಕಾರ್ಖಾನೆಗಳೇ ಸುತ್ತುವರಿದ ಸೇಡಂ ಕಡೆಯ ಗೌಂಡಿ ತನ್ನ ಅನ್ನದಿಂದ ಎಷ್ಟು ದೂರ ನಿಲ್ಲಬೇಕೆಂಬುದನ್ನು ಮೀಟರಿನಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ.

ಇನ್ನು ಗಜಕರ್ಣ. ಚರ್ಮದ ಈ ಶಿಲೀಂಧ್ರ ಸೋಂಕು ತೊಡೆಸಂದಿಯಲ್ಲಿ ಒಂದು ಉಂಗುರವಾಗಿ ಆರಂಭವಾಗಿ ಒಂದೇ ಟವೆಲ್ಲಿನ ಮೂಲಕ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಸರಿಯಾದ ಮದ್ದನ್ನು ವಾರಗಟ್ಟಲೆ ಹಚ್ಚಬೇಕು, ಗುರುತು ಮಾಯವಾದ ಮೇಲೂ ಕೆಲವು ದಿನ ಬಿಡಬಾರದು, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು, ಮನೆಯಲ್ಲಿ ಯಾರಿಗೆಲ್ಲ ಇದೆಯೋ ಅವರಿಗೆಲ್ಲ ಒಟ್ಟಿಗೇ ಚಿಕಿತ್ಸೆಯಾಗಬೇಕು. ಬಿಸಿಲೊಂದು ಮಾತ್ರ ನಮ್ಮಲ್ಲಿ ಧಾರಾಳವಾಗಿದೆ. ತುರಿಕೆಯವನು ತಜ್ಞರ ಹತ್ತಿರ ಹೋಗುವುದಿಲ್ಲ ಎಂಬ ದೂರನ್ನು ಕೇಳಿದ್ದೇನೆ. ತಜ್ಞರು ಇರುವುದು ಕಲಬುರಗಿಯಲ್ಲಿ, ಬೀದರಿನಲ್ಲಿ, ಈಚೆಗೆ ವೈದ್ಯಕೀಯ ಕಾಲೇಜು ಕಂಡ ಯಾದಗಿರಿಯಲ್ಲಿ. ಔರಾದಿನ ತಾಂಡಾದವನಿಗೆ ಆ ‘ಸಮೀಪ’ ಎಂದರೆ ಒಂದು ದಿನದ ಕೂಲಿ ಮತ್ತು ಎರಡು ಬಸ್ಸು. ಮೆಡಿಕಲ್ ಶಾಪು ರಸ್ತೆಯ ಆಚೆ ಬದಿಯಲ್ಲೇ ಇದೆ.

ಅಲ್ಲಿ ಸಿಗುವ ಟ್ಯೂಬು ಪಂಚಾಮೃತದಂತೆ: ಬ್ಯಾಕ್ಟೀರಿಯಾಕ್ಕೊಂದು, ಶಿಲೀಂಧ್ರಕ್ಕೊಂದು, ಹೊಟ್ಟೆಯ ಅಮೀಬಾಕ್ಕೆ ಕೊಡುವ ಆರ್ನಿಡಜೋಲ್ ಒಂದು (ಅಮೀಬಾ ತೊಡೆಗೆ ಯಾವಾಗ ವಲಸೆ ಬಂದಿತೋ ತಯಾರಕರೇ ಬಲ್ಲರು), ಇವೆಲ್ಲದರ ನಡುವೆ ಕ್ಲೋಬೆಟಸಾಲ್ ಎಂಬ ಅತಿ ಬಲಿಷ್ಠ ವರ್ಗದ ಸ್ಟೀರಾಯ್ಡ್. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಏಕೆಂದರೆ ಚರ್ಮದ ಪ್ರತಿರೋಧವೇ ನಿದ್ದೆಹೋಗಿರುತ್ತದೆ. ಶಿಲೀಂಧ್ರ ಎಚ್ಚರವಾಗಿದ್ದು ಸೊಂಟದವರೆಗೆ ಹಬ್ಬುತ್ತದೆ. ಉಂಗುರದ ಅಂಚು ಅಳಿಸಿಹೋಗಿ, ಮುಂದೆ ನೋಡುವ ವೈದ್ಯರಿಗೂ ರೋಗದ ಗುರುತು ಸಿಗದಂತಾಗುತ್ತದೆ. ಚರ್ಮ ತೆಳುವಾಗಿ ತೊಡೆಸಂದಿಯಲ್ಲಿ ಅಳಿಸಲಾರದ ಬಿರುಕುಗೆರೆಗಳು ಮೂಡುತ್ತವೆ. ಚರ್ಮತಜ್ಞರ ರಾಷ್ಟ್ರೀಯ ಸಂಘ ವರ್ಷಗಳ ಕಾಲ ಕೂಗಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಆದೇಶ ಗೆಜೆಟ್‌ನಲ್ಲಿ ಸುಕ್ಷೇಮವಾಗಿದೆ. ಈ ನಡುವೆ, ಟೆರ್ಬಿನಾಫಿನ್ ಎಂಬ ಶಿಲೀಂಧ್ರನಾಶಕ ಮದ್ದಿಗೂ ಜಗ್ಗದ ಹೊಸ ಶಿಲೀಂಧ್ರವೊಂದು ನಮ್ಮ ಉಪಖಂಡದಲ್ಲಿ ಬೆಳೆದು, 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನೀ ಎಂಬ ನಾಮಕರಣವನ್ನೂ ಪಡೆದು, ವೀಸಾದ ಕಿರಿಕಿರಿಯಿಲ್ಲದೆ ಯುರೋಪ್ ಮತ್ತು ಅಮೆರಿಕಗಳನ್ನು ತಲುಪಿದೆ.

ಪುರವಣಿಯ ಸಲಹೆಗಳಲ್ಲಿ ಈ ಟ್ಯೂಬಿನ ಹೆಸರು ಬರುವುದು ಅಪರೂಪ. ಹೇಗೋ ತಜ್ಞರವರೆಗೆ ತಲುಪಿದವನು ಅದನ್ನು ನಿಲ್ಲಿಸಿದ ಮೂರನೆಯ ದಿನ ತುರಿಕೆ ದುಪ್ಪಟ್ಟಾಗಿ ಮರಳುತ್ತದೆ. ಹಾಗಾಗುವುದು ಸಹಜವೆಂದು ಅವನಿಗೆ ತಿಳಿಸಲು ಹೊರರೋಗಿ ವಿಭಾಗದ ಸಾಲಿನಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಅವನು ಮತ್ತೆ ರಸ್ತೆ ದಾಟುತ್ತಾನೆ. ಮನೆಮಂದಿಗೆಲ್ಲ ಒಟ್ಟಿಗೇ ಚಿಕಿತ್ಸೆಯಾಗಬೇಕೆಂಬ ತಜ್ಞರ ನಿಯಮವನ್ನು ಇಡೀ ಊರಿನಲ್ಲಿ ನೆನಪಿಟ್ಟುಕೊಂಡಿರುವವನು ಅಂಗಡಿಯವನೊಬ್ಬನೇ: ‘ಸಣ್ಣದ ಬ್ಯಾಡ್ರಿ, ದೊಡ್ಡ ಟ್ಯೂಬ್ ಒಯ್ರಿ, ಮನಿ ಮಂದಿಗೆಲ್ಲಾ ಆಗ್ತದ.’